ಹದಿನೇಳರ ಬೋಲ್ಟು

ಬೋಲ್ಟಿಗೇನು, ಅದರ ಕೆಲಸ ಹಿಡಕೊಂಡು ಕೂಡೂದು.
ಇಪ್ಪತ್ತೊಂದು ವರ್ಷ ಕೂತದ
ಪುಲ್ಲಿಯ ಹೊಕ್ಕಳದಾಗ,
ಮೈಂದರ್ಗಿ ಧೂಳು, ಸೊಲ್ಲಾಪುರದ ಧೂಳು,
ನನ್ನ ಶೇಂಗಾ ಹಿಂಡಿಯ ಎಣ್ಣಿ
ಎಲ್ಲಾ ಕುಡದು ಕರ್ರಗಾಗಿ.

ಅದರ ಹಿಂದೊಂದು ರಬ್ಬರ ಸೀಲು, ನೂರಾ ಹತ್ತು ರೂಪಾಯಿದು,
ಸೋರತದ.
ಅದನ್ನ ಮುಟ್ಟಬೇಕಂದ್ರ ಪುಲ್ಲಿ ಬರಬೇಕು,
ಪುಲ್ಲಿ ಬರಬೇಕಂದ್ರ ಈ ಮಹಾಶಯ ಏಳಬೇಕು.
ರಾಜೇಸಾಬ ದುಧನಿಗೆ ಹೋಗ್ಯಾನ, ಮಗಳ ಮನಿಗೆ.
ಫೋನಿನ್ಯಾಗ ಅಂದ: "ಸುಗಲಾಬಾಯೀ, ಕೈ ಹಚ್ಚಬ್ಯಾಡ್ರಿ."
ಹಚ್ಚಿದೆ.

ನಾಳಿಗೆ ನಲವತ್ತು ಕಿಲೋ ಹಿಂಡಿ ಸೊಲ್ಲಾಪುರ ಮುಟ್ಟಬೇಕು.
ಬೇವಿನ ನೆರಳು ಸರಿಯೂದರೊಳಗ
ಬಲಗಾಲಿ ಬಿಚ್ಚಿ, ಜಾಕಿನ ಬಾಜೂಕ ಒರಳಕಲ್ಲು ಕೊಟ್ಟು,
ಸೀರಿ ಮ್ಯಾಲ ಗಂಡನ ಹಳೇ ಅಂಗಿ ತೊಟ್ಟು
ಗೋಣಿಚೀಲದ ಮ್ಯಾಲ ಒರಗಿದೆ.

ಮದಲು ಸೀಮೆಎಣ್ಣಿ, ಆಮ್ಯಾಲ ಡಿಸೇಲು,
ಕಡೀಕ, ನಗಬ್ಯಾಡ್ರಿ, ಶೇಂಗಾ ಎಣ್ಣಿ ಎರಡು ಹನಿ.
ನನ್ನ ಮನ್ಯಾಗ ಅದಕ್ಕ ಬಗ್ಗದ್ದು ಯಾವುದೂ ಇಲ್ಲ ಅಂತ ತಿಳಿದಿದ್ದೆ.

ಪಾನಾ ಹಾಕಿದೆ, ಜಗ್ಗಿದೆ.
ಬೋಲ್ಟಿನ ಜತಿ ಎಂಜಿನ್ನೂ ಸುತ್ತತು ಮೆತ್ತಗ,
ಕರದ್ರ ಹೂಂ ಅಂದು
ಅಲ್ಲೇ ಮಗ್ಗಲಾ ಬದಲಿಸೋ ಹುಡುಗನ ಹಂಗ.
ನಾಕನೇ ಗೇರು ಹಾಕಿದೆ. ಗಾಡಿ ಹಂದಾಡ್ತು.
ಒಳಗೊಬ್ಬರು ಬ್ರೇಕ ತುಳಿಯವರು ಬೇಕು,
ಹೊರಗೊಬ್ಬರು ಜಗ್ಗವರು.
ನಾ ಒಬ್ಬಾಕಿ.

ಎರಡನೇ ಸಲ ಪಾನಾ ಜಾರತು.
ಬೆರಳ ಗೆಣ್ಣಿನ ತೊಗಲು ಪುಲ್ಲಿಗೆ ಹೋತು.
ಬಾಯಾಗ ಮರಾಠಿ ಬೈಗಳ ಬಂತು,
ಸಿಟ್ಟಿಗೆ ನಮ್ಮ ಕಡಿ ಅದೇ ಮದಲು ಬರತದ,
ನೋವಿಗೆ ಕನ್ನಡ.
"ಯವ್ವಾ" ಅಂದದ್ದು ಗ್ವಾಡಿ ಆಚಿಗೂ ಕೇಳಿರಬೇಕು.

ಗ್ವಾಡಿ ಆಚಿಗೆ ಮಹಾನಂದಾ. ನನ್ನ ನೆಗೆಣ್ಣಿ.
ಅತ್ತಿ ಬೋರಮಾಳ ಯಾರ ಟ್ರಂಕಿನ್ಯಾಗ ಉಳೀತು ಅಂತ
ಮೂರು ವರ್ಷ ಆತು, ಮಾತಿಲ್ಲ.
ಕಸ ಗುಡಿಸಿದ್ರ ಆಕಿ ಕಡಿ ಹೋಗಲಾರದಂಗ ಗುಡಸ್ತೀನಿ,
ಅಷ್ಟು ಮರ್ಯಾದಿ ಉಳದದ.

ಬಂದಳು. ಕೈಯಾಗ ಬೋರಿನ ಪೈಪಿನ ತುಂಡು,
ನಾಕು ಫೂಟು ಆದೀತು.
ನನ್ನ ಮಾರಿ ನೋಡಲಿಲ್ಲ. ಪೈಪಿಟ್ಟಳು.
ಬಾಗಲಾ ತೆರದು ಸೀಟಿನ್ಯಾಗ ಕೂತಳು,
ಚಪ್ಪಲಿ ಹೊರಗ ಬಿಟ್ಟು,
ಯಾರದೋ ಮನಿಯ ದೇವರ ಕ್ವಾಣ್ಯಾಗ ಕೂತಂಗ.

"ಯಾವುದು?" ಗಾಜಿಗೆ ಕೇಳಿದಳು.
"ನಡುವಿನದು," ಪುಲ್ಲಿಗೆ ಹೇಳಿದೆ.

ಪಾನಾದ ಹಿಡಿಗೆ ಪೈಪು ಏರಸಿದೆ.
ಮಕ್ಕೊಂಡು ನೋಡಿದ್ರ ಎಡಾ ಬಲಾ ತಿಳಿಯಂಗಿಲ್ಲ,
ಉಪ್ಪಿನಕಾಯಿ ಭರಣಿ ಮುಚ್ಚಳ ನೆನಿಸಿಕೊಂಡು
ಕೈ ಗಾಳ್ಯಾಗ ತಿರಿವಿ ನೋಡಿದೆ.
"ಎಡಕ್ಕ," ಅಂದಳು ಒಳಗಿಂದ.
ಕೇಳಿರಲಿಲ್ಲ ನಾ.

"ಒತ್ತು."
"ಒತ್ತೀನಿ."
"ಇನ್ನೂ."
"ಕಾಲು ಮುರಕೊಳ್ಳಲೇನು?"

ಪೈಪು ಬಗ್ಗತು. ಬೇವಿನ ಗಿಡದ ಕಾಗಿ ಹಾರತು.
ಒಂದು ಗಳಿಗಿ ಏನೂ ಆಗಲಿಲ್ಲ, ಬರೇ ಭಾರ,
ನನ್ನ ಹೆಗಲಿಂದ ಹಿಡದು ಆಕಿ ಹಿಮ್ಮಡದ ತನಕ
ಒಂದೇ ಕಬ್ಬಿಣದಾಗ ನಿಂತ ಭಾರ.

ಟಕ್.

ಬಾಣಂತಿ ಬೆನ್ನಿನ ನಟಿಗಿ ಹಂಗ.
ಇಬ್ಬರೂ ಸುಮ್ಮಾದ್ವಿ.
ಮುರೀತೋ, ಸಡಲಾತೋ?
ಕಬ್ಬಿಣ ಎರಡಕ್ಕೂ ಒಂದೇ ಸಪ್ಪಳ ಮಾಡತದ.
ಹೆದರಿಕೋತ ಬೆರಳಿಲೆ ಮುಟ್ಟಿದೆ.
ತಿರಗತು. ಇಷ್ಟು ಹಗರ,
ಇಷ್ಟಕ್ಕೇನಾ ಅನ್ನೋ ಹಂಗ.

ಅಂಗೈಯಾಗ ಇಟ್ಟು ತೋರಸಿದೆ.
ತಲಿ ತುಂಬ ಕೆಂಪು ತುಕ್ಕು, ತುದಿ ಮಾತ್ರ ಬೆಳ್ಳಗ,
ಅಲ್ಲಿ ಇಪ್ಪತ್ತೊಂದು ವರ್ಷ ಗಾಳಿ ತಾಗಿಲ್ಲ.
ಮಹಾನಂದಾ ಬಗ್ಗಿದಳು. ಬೋಲ್ಟು ನೋಡಲಿಲ್ಲ,
ನನ್ನ ಗೆಣ್ಣು ನೋಡಿದಳು.
"ಅರಿಶಿಣ ಹಚ್ಚು," ಅಂದಳು.

ಬೋರಮಾಳದ ಮಾತು ಬರಲಿಲ್ಲ. ಯಾಕ ಬರಬೇಕು.
ಚಪ್ಪಲಿ ಮೆಟ್ಟಿದಳು, ಗ್ವಾಡಿ ತನಕ ಹೋಗಿ ನಿಂತಳು,
ಬೆನ್ನು ನನ್ನ ಕಡಿ.
"ತಿರುಗಿ ಬಿಗಿ ಮಾಡೂದು ಅದಲ್ಲ ಸಂಜಿಗೆ,
ಬ್ರೇಕ ತುಳಿಯಾಕ ಯಾರದಾರ?"

ಪೈಪು ಇಲ್ಲೇ ಬಿಟ್ಟು ಹೋದಳು.