ನಾಲ್ಕನೆಯ ಹಿಡಿ

ಇಡಾಹೊ, ಅಕ್ಟೋಬರ್. ಗ್ಯಾರೇಜಿನಲ್ಲಿ ಹಳೆಯ ಲೇತು
ಗುರುಗುಡುತ್ತಿದೆ. ವರ್ಲಿನ್ ಕನ್ನಡಕ ಒರೆಸಿಕೊಳ್ಳುತ್ತಾನೆ.
ಟೈಟಾನಿಯಂ ಹಟಮಾರಿ:
ಆತುರಪಟ್ಟರೆ ಉಳಿಯ ಮೂತಿಯನ್ನೇ ತಿನ್ನುತ್ತದೆ,
ಸುರುಳಿ ಹೊತ್ತಿಕೊಂಡರೆ ನೀರಿಗೂ ಜಗ್ಗದು.
ಕಾಲ ಬಳಿ ಮರಳಿನ ಬಕೆಟ್ಟು.

ಮೂರು ಹಿಡಿ ಹಾಳಾದವು. ಡಬ್ಬಿಯಲ್ಲಿವೆ, ಮೊಳೆಗಳ ಜೊತೆ.

ನಾಲ್ಕನೆಯದು ಗ್ಯಾಸಿನುರಿಯಲ್ಲಿ
ನೇರಳೆಗೆ ತಿರುಗಿತು.
"ಅಂಗಡೀಲಿ ಸಿಗಲ್ವಾ ಇದು?" ಅಂದೆ.
"ಅಂಗಡಿಯವರಿಗೆ ಐದು ಬೆರಳು," ಅಂದ.

ಸಂಜೆ ಟಿಲ್ಡಾ ಬಂದಳು.
ಮರದ ಮಿಲ್ಲು ಉಳಿಸಿಕೊಟ್ಟ ಮೂರೇ ಬೆರಳಲ್ಲಿ
ಬೋಲ್ಟು ಎಳೆದಳು, ನೂಕಿದಳು,
ಮತ್ತೆ ಎಳೆದಳು.
ಆ ಕೈಗೆ ಇನ್ನು ಬಾರದ ಚಿಟಿಕೆಯನ್ನು
ಖಾಲಿ ರೈಫಲ್ಲು ಹೊಡೆಯಿತು.

ಬೆಲೆ ಕೇಳಲಿಲ್ಲ.
"ಎಲ್ಕ್ ಸಿಕ್ಕರೆ ಒಂದು ತೊಡೆ ನಿಂದು."
"ಸಿಗದಿದ್ದರೆ?"
"ತಪ್ಪು ನಿನ್ನ ಹಿಡೀದು."