ಕನ್ನಡಕ್ಕೆ ನಾಲ್ಕು

ಕೇಬಲ್ಲಿನ ನಾರಾಯಣ ಮಣಿಯಾಣಿ
ಇದ್ದ ಒಂದೇ ಕನ್ನಡ ಚಾನೆಲನ್ನು
ತೊಂಬತ್ತೆಂಟನೇ ನಂಬರಿನಲ್ಲಿ ಕಟ್ಟಿಹಾಕಿದ್ದ,
ಹಟ್ಟಿಯ ಕೊನೆಯ ಗೂಟಕ್ಕೆ ಕರು ಕಟ್ಟಿದ ಹಾಗೆ.
ಗಾಳಿ ಬಂದರೆ ಚಿತ್ರ ಹೋಗುತ್ತಿತ್ತು,
ಮಾತು ಉಳಿಯುತ್ತಿತ್ತು.
ಹಾಗಾಗಿ ನಾವು ಕಿವಿಯ ಅಭಿಮಾನಿಗಳು,
ನಾನು ಮತ್ತು ಸಫೂರ.

ಉಪ್ಪಳದಲ್ಲಿ ಅವಳ ಮನೆ, ನಾಲ್ಕೂವರೆಯ ಕಾರ್ಟೂನು:
ಹಲ್ಲಿನ ಡಾಕ್ಟರಾದ ಒಂದು ಮೊಸಳೆ.
ಯಾವ ದೇಶದ್ದೋ, ಬಾಯಿ ಒಂದು ಕಡೆ,
ಮಾತು ಇನ್ನೊಂದು ಕಡೆ.
'ಬಾಯಿ ತೆರೆಯಿರಿ, ಭಯಪಡಬೇಡಿ.'
ಇಸ್ತ್ರಿ ಹಾಕಿದ ಕನ್ನಡ.

ಒಂದು ಬುಧವಾರ
ಆನೆಯ ದಂತ ಕಿತ್ತು ಕೈಗೇ ಬಂದಾಗ
ಮೊಸಳೆ ಅಂದಿತು:
'ಎಂಥದು ಮಾರಾಯ ಇದು!'

ಸಫೂರಳ ಬಾಯಲ್ಲಿ ಕಲತ್ತಪ್ಪ ಹಾಗೇ ನಿಂತಿತು.
'ಏನು' ಅಲ್ಲ. 'ಎಂಥದು.'
ಅಷ್ಟು ದೂರದ ಸ್ಟುಡಿಯೋದ ಗಾಜಿನ ಕೋಣೆಯೊಳಗೆ
ಯಾರೋ ನಮ್ಮವ ಇದ್ದಾನೆ,
ಬರೆದುಕೊಟ್ಟದ್ದನ್ನು ಓದುತ್ತಾ ಓದುತ್ತಾ
ಆನೆಯ ಎದುರು ಕಾಲು ಜಾರಿದ್ದಾನೆ.

ಆಮೇಲೆ ಒಂದು ನೋಟ್‌ಬುಕ್ಕು.
ಹಲ್ಲುಪುಡಿ ಜಾಹೀರಾತಿನ ಅಜ್ಜ: ಅವನೇ.
ಭೂತಬಂಗಲೆಯ ಕಾವಲುಗಾರ: ಅವನೇ, ಶೀತ ಆಗಿದೆ.
ಚಕ್ರವರ್ತಿ: ಅಲ್ಲ.
ಚಕ್ರವರ್ತಿಯ ಕುದುರೆ ನೋಡಿಕೊಳ್ಳುವವ: ಅವನೇ.
ಕುದುರೆ: ಸಂಶಯ.
ಗುರುತು: ಉದ್ದದ ಮಾತಿಗೆ ಮೊದಲು ಒಂದು ಸಣ್ಣ ಉಸಿರು,
ತೋಡು ದಾಟುವ ಮೊದಲು ಮುಂಡು ಎತ್ತಿಕಟ್ಟುವವನ ಹಾಗೆ.

ಹೆಸರು ಗೊತ್ತಾಗಲಿಲ್ಲ.
ಹೆಸರು ಬರುವ ಹೊತ್ತಿಗೆ ಸರಿಯಾಗಿ ಚಾನೆಲಿನವರು
ಪರದೆಯನ್ನು ಬೆಂಕಿಪೆಟ್ಟಿಗೆಯಷ್ಟು ಮಾಡಿ
ಪಕ್ಕದಲ್ಲಿ ಸೀರೆ ಮಾರುತ್ತಿದ್ದರು.
'ಎಂಥದಣ್ಣ' ಎಂದು ನಾವೇ ಇಟ್ಟೆವು.
ಊರು ಮಂಜೇಶ್ವರ ಎಂದು ಅವಳು.
'ಹೌದಾ'ದ ಬಾಲದಲ್ಲಿ ಆ ಏರು
ಪೆರ್ಲದವರಿಗಲ್ಲದೆ ಬರುವುದಿಲ್ಲ ಎಂದು ನಾನು.
ಎಂಟು ದಿನ ಮಾತು ಬಿಟ್ಟೆವು.

ಅವಳ ಅಣ್ಣ ಅಶ್ಕರನ ಗೋಡೆಯ ತುಂಬ
ಮೀಸೆ ತಿರುವುವ ಮಲಯಾಳದ ಹೀರೋಗಳು.
'ಮುಖವಿಲ್ಲದವನಿಗೂ ಅಭಿಮಾನಿ ಸಂಘವಾ?' ಎಂದು ನಕ್ಕ.
ಹೌದು. ಇಬ್ಬರು ಸದಸ್ಯರು,
ಇಬ್ಬರೂ ಅಧ್ಯಕ್ಷರು.

ಈಗ ಸಫೂರಳಿಗೆ ಕಾಞಂಗಾಡಿನಲ್ಲಿ ಕನ್ನಡಕದ ಅಂಗಡಿ,
ನನಗೆ ಕುಂಬಳೆಯಲ್ಲಿ ಪಂಚಾಯತಿನ ಮೇಜು.
ಹಬ್ಬಕ್ಕೊಮ್ಮೆ ಮಾತು, ಮಕ್ಕಳ ಜ್ವರದ ಬಗ್ಗೆ.
ನೋಟ್‌ಬುಕ್ಕು ಯಾರಲ್ಲಿ ಉಂಟೋ.
ನಿನ್ನೆ ರಾತ್ರಿ ಅವಳಿಂದ ಹನ್ನೊಂದು ಸೆಕೆಂಡಿನ ಧ್ವನಿ:
'ಗ್ಯಾಸ್ ಬುಕ್ಕಿಂಗಿಗೆ ಫೋನ್ ಮಾಡು. ಈಗಲೇ.
ಮಲಯಾಳ ಒತ್ತಬೇಡ. ಕನ್ನಡಕ್ಕೆ ನಾಲ್ಕು.'

ಒತ್ತಿದೆ.
ಸಣ್ಣ ಉಸಿರು.
'ಸಿಲಿಂಡರ್ ಕಾದಿರಿಸಲು ಒಂದನ್ನು ಒತ್ತಿರಿ.'
ಸ್ವಲ್ಪ ವಯಸ್ಸಾಗಿದೆ. ತಂಬಾಕು ಬಿಟ್ಟಿರಬೇಕು.
ಒಲೆಯ ಪಕ್ಕ ತುಂಬಿದ ಸಿಲಿಂಡರ್ ನಿಂತೇ ಇತ್ತು,
ನಾನೂ ಅದರ ಪಕ್ಕ ನಿಂತೇ ಇದ್ದೆ.
'ಕ್ಷಮಿಸಿ, ನೀವು ಏನನ್ನೂ ಆರಿಸಿಲ್ಲ' ಅಂದ.
ಆರಿಸಿ ಇಪ್ಪತ್ತೆರಡು ವರ್ಷ ಆಯಿತು ಮಾರಾಯ.
ಮತ್ತೆ ಕೇಳಲು ಒಂಬತ್ತಂತೆ,
ಒಂಬತ್ತು, ಒಂಬತ್ತು, ಒಂಬತ್ತು.

ಸಫೂರಳಿಗೆ ಬರೆದೆ: ಅವನೇ.
ಬರೆದೆ: ಪೆರ್ಲದವನೇ.
ಕೂಡಲೇ ಉತ್ತರ ಬಂತು:
ಮಂಜೇಶ್ವರ.