ಹೊರಗೆ

ನಫಡೆ ಬಾಯಿ ಕಾಗದ ಹಿಡಿದು ಬಂದಾಗ
ನಾನು ಮೆಂತ್ಯದ ಕಂತೆ ಬಿಡಿಸುತ್ತಿದ್ದೆ.
"ಸಹಿ ಹಾಕಿ, ಸಾಲ್ಯಾನ್ ಕಾಕೂ.
ನಮ್ಮ ತಿಕೋಣಿ ಬಾಗಿನಲ್ಲಿ ಇನ್ನು ಬೀಡಿ ಸಿಗರೇಟು ಬಂದ್.
ನಲವತ್ತೊಂದು ಆಯಿತು, ನಿಮ್ಮದು ನಲವತ್ತೆರಡು."
ಪೆನ್ನಿಗೆ ದಾರ ಕಟ್ಟಿತ್ತು, ದಾರದ ತುದಿ ಅವಳ ಬಳೆಗೆ.
ಅಂಟಾಪ್ ಹಿಲ್ಲಿನಲ್ಲಿ ಪೆನ್ನಿಗೂ ಕಾಲಿದೆ.

ತಿಕೋಣಿ ಬಾಗು ಎಂದರೆ ಎಷ್ಟು?
ಮೂರು ರಸ್ತೆ ಕೂಡುವಲ್ಲಿ ಮಿಕ್ಕ ತುಂಡು ನೆಲ,
ಅಂಗಿ ಕತ್ತರಿಸಿದ ಮೇಲೆ ದರ್ಜಿಯ ಕಾಲ ಬಳಿ ಉಳಿಯುವಂಥದ್ದು.
ಒಂದು ಬಾದಾಮಿ ಮರ, ನಾಲ್ಕು ಬೆಂಚು, ಒಂದು ಉಯ್ಯಾಲೆ,
ಮಧ್ಯಾಹ್ನ ಹಪ್ಪಳ ಒಣಗಿಸಬಹುದಾದ ಜಾರುಬಂಡೆ.
ಹುಲ್ಲು ಇರುವುದು ಪಾಲಿಕೆಯ ದಫ್ತರದಲ್ಲಿ.

ಬಾಯಿಯ ಮೊಮ್ಮಗಳು ಓವಿ, ಆರು ವರ್ಷ,
ಜೀಕುತ್ತ ಜೀಕುತ್ತ ನಿಲ್ಲುತ್ತಾಳೆ,
ಫ್ರಾಕಿನ ಜೇಬಿನಿಂದ ನೀಲಿ ಪಂಪು ತೆಗೆದು
ಬಾಯಿಗೆ ಒತ್ತಿಕೊಳ್ಳುತ್ತಾಳೆ,
ದೊಡ್ಡವರು ತಂಬಾಕು ಒತ್ತುವ ಅದೇ ಗಾಂಭೀರ್ಯದಲ್ಲಿ.

ದಗಡೂ ಹೇಳುವುದನ್ನೂ ಕೇಳಿದ್ದೇನೆ,
ಮೂರನೆಯ ಬೆಂಚಿನ ದಗಡೂ, ಬಂದರಿನಲ್ಲಿ ಹಮಾಲಿ ಮಾಡಿದವನು:
"ಮಾಹುಲದ ಚಿಮಣಿಗೆ ಯಾವ ಸಾಹೇಬ ಬೋರ್ಡು ಹಾಕಿದ?
ಸಿಮೆಂಟಿನ ಲಾರಿಗೆ ಯಾರು ಸೀಟಿ ಊದಿದರು?
ನನ್ನ ಎರಡು ಬೆರಳ ನಡುವಿನ ಬೆಂಕಿಯೇ ಕಂಡಿತೆ?"
ಮಾತು ಸುಳ್ಳಲ್ಲ.
ಆದರೆ ಹುಡುಗಿ ಕೆಮ್ಮುವುದು ಲೆಕ್ಕ ನೋಡಿ ಅಲ್ಲ,
ಯಾವ ಹೊಗೆಯಲ್ಲಿ ಯಾರ ಪಾಲೆಷ್ಟು ಎಂದು.

ಪೆನ್ನು ಹಿಡಿದೆ. ಕೈ ನಿಂತಿತು.

ಎಪ್ಪತ್ತೊಂಬತ್ತರಲ್ಲಿ, ಮಗು ಹುಟ್ಟಿ ಹನ್ನೊಂದನೆಯ ದಿನ,
ಹತ್ತು ಹನ್ನೆರಡರ ಖೋಲಿಯಲ್ಲಿ
ಐತಪ್ಪರಿಗೆ ನಾನೇ ಹೇಳಿದ್ದು:
"ಸೇದುವುದಾದರೆ ಹೊರಗೆ."
ತಕರಾರಿಲ್ಲ. ಹೋಟೆಲಿನ ಶಟರು ಎಳೆದು ರಾತ್ರಿ ಒಂದಕ್ಕೆ
ಸೀದಾ ಬಾದಾಮಿ ಮರದಡಿ.
ಮೂರನೇ ಮಾಳಿಗೆಯ ಕಿಟಕಿಗೆ ಕಾಣುತ್ತಿದ್ದದ್ದು
ಒಂದು ಕೆಂಪು ಚುಕ್ಕೆ.
ಏರುತ್ತಿತ್ತು, ಬೆಳಗುತ್ತಿತ್ತು, ಇಳಿಯುತ್ತಿತ್ತು.
ಅದನ್ನು ನೋಡಿ ಸಾರು ಬಿಸಿಗಿಡುತ್ತಿದ್ದೆ.
ಎರಡು ಬೀಡಿ: ಒಂದು ಧಣಿಯ ಬೈಗುಳ ಸುಡಲಿಕ್ಕೆ,
ಇನ್ನೊಂದು ಸುಮ್ಮನೆ.
ಆಮೇಲೆ ಬಡೆಸೋಪು ಜಗಿಯುತ್ತ ಮೆಟ್ಟಿಲೇರಿ
ಮಗುವನ್ನು ದೂರದಿಂದಲೇ ನೋಡುತ್ತಿದ್ದರು.

ಆ ಬೆಂಕಿ ಕೊನೆಗೆ ಯಾರನ್ನು ಸುಟ್ಟಿತೆಂದು
ಪರೇಲಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು.
ಅದು ಬೇರೆ. ಕೈ ನಿಂತದ್ದು ಅದಕ್ಕಲ್ಲ.

ಆ ಮರದಡಿ ಆಗ ಒಂದು ಸಂಸಾರವಿತ್ತು.
ಮೂರು ಕಲ್ಲು, ಒಂದು ತಾಡಪತ್ರಿ, ಗಟಾರ ಅಗೆಯಲು ಬಂದ ಹೆಂಗಸು.
ರೆಂಬೆಗೆ ಹಳೇ ಸೀರೆಯ ಜೋಳಿಗೆ, ಜೋಳಿಗೆಯಲ್ಲಿ
ನನ್ನ ಮಗುವಿನಷ್ಟೇ ಮಗು.
ಕಿಟಕಿಯಿಂದ ದಿನಾ ಕಂಡಿದ್ದೆ.
ಕಂಡೂ, ಆ ಚುಕ್ಕೆ ಆ ಜೋಳಿಗೆಗೆ ಎಷ್ಟು ಮೊಳವೆಂದು
ಅಳೆದಿರಲಿಲ್ಲ.
ನನ್ನ ಹೊರಗೆ
ಅವಳಿಗೆ ಒಳಗಾಗಿತ್ತು.

"ಏನು ಯೋಚನೆ, ಕಾಕೂ?"
"ದಗಡೂ ಎಲ್ಲಿಗೆ ಹೋಗುತ್ತಾನೆ?"
"ಎಲ್ಲಾದರೂ ಹೋಗಲಿ. ಹೊರಗೆ."

ಸಹಿ ಹಾಕಿದೆ, ಕನ್ನಡದಲ್ಲಿ.
ಓವಿ ಕೆಮ್ಮುತ್ತಾಳಲ್ಲ.

ಮಳೆ ಮುಗಿಯುವ ಹೊತ್ತಿಗೆ ಬೋರ್ಡು ಬಂತು,
ವಾಚ್‌ಮನ್ ಸೋನವಣೆಗೆ ಹೊಸ ಸೀಟಿ ಬಂತು.
ನಿನ್ನೆ ಸಂಜೆ ನೋಡಿದೆ:
ದಗಡೂ ಅದೇ ಬೆಂಚಿನಲ್ಲಿ, ಮೈಯೆಲ್ಲ ಒಳಗೆ,
ಬಲಗೈ ಮಾತ್ರ ಕಂಬಿ ತೂರಿ ಫುಟ್‌ಪಾತಿನ ಮೇಲೆ.
ಮುಖ ಹೊರಳಿಸಿ ಸರಳ ಸಂದಿಯಲ್ಲಿ ಒಂದು ದಮ್ಮು,
ಆ ಕಡೆಗೇ ಉಸಿರು,
ಮತ್ತೆ ಮುಖ ಒಳಗೆ, ಸಭ್ಯ ನಾಗರಿಕ.
ನಗು ಬಂತು. ಸೋನವಣೆಗೂ ಬಂತು.
ಓವಿ ಜೀಕುತ್ತಲೇ ಇದ್ದಳು, ಪಂಪು ಜೇಬಿನಲ್ಲೇ ಇತ್ತು.

ಕಂಬಿಯಾಚೆ, ಅವನ ಕೈಯ ನೇರ ಕೆಳಗೆ,
ಲಿಂಬೆಹಣ್ಣಿನವಳು ಗೋಣಿ ಹಾಸಿ ಕೂತಿದ್ದಳು.
ತಲೆಯೆತ್ತಲಿಲ್ಲ, ಬೈಯಲಿಲ್ಲ.
ಸೆರಗು ಎಳೆದು ಮುಚ್ಚಿದಳು,
ಲಿಂಬೆಹಣ್ಣಿಗಲ್ಲ.